ಹಣ್ಣಾಗುವವರೆಗೆ ಕಾಯಲಾಗದ ಬಾವು

ಮೈಮೇಲೆ ಕುರುವೆದ್ದವನಿಗೆ ನಮ್ಮ ಮನೆಗಳಲ್ಲಿ ಹಿರಿಯರಾದವರು ಹೇಳುತ್ತಿದ್ದ ಮೊದಲ ಮಾತು "ಹಣ್ಣಾಗಲಿ, ಆಮೇಲೆ ನೋಡೋಣ" ಎಂಬುದು. ಕಾವು ಕೊಟ್ಟು, ಅಗಸೆಯ ಹಿಟ್ಟನ್ನು ಬೇಯಿಸಿ ಕಟ್ಟಿ, ನಡುವೆ ಬೆಳ್ಳಗೆ ಮೊನೆ ಕಾಣಿಸಿಕೊಳ್ಳುವವರೆಗೂ ಕಾದಿದ್ದು, ಬಳಿಕ ಅದನ್ನು ಒಡೆದು ಕೀವು ತೆಗೆಯುವುದು ತಲೆಮಾರುಗಳಿಂದ ನಡೆದುಬಂದ ಕ್ರಮ. ಈ ಕ್ರಮಕ್ಕೆ ಶಾಸ್ತ್ರದ ಬೆಂಬಲವೂ ಇಲ್ಲದಿಲ್ಲ. ಬಾವು ಆಮವೋ, ಪಚ್ಯಮಾನವೋ, ಪಕ್ವವೋ ಎಂಬುದನ್ನು ಅರಿಯುವ ಬಗೆಯನ್ನು ತಿಳಿಸಲೆಂದೇ ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಒಂದು ಅಧ್ಯಾಯವಿದೆ. ಅರಿಯದೆ ಕಾಯಿಬಾವನ್ನು ಕೊಯ್ಯುವವನನ್ನೂ ಹಣ್ಣಾದುದನ್ನು ಉಪೇಕ್ಷಿಸುವವನನ್ನೂ ಆ ಗ್ರಂಥವು ಒಂದೇ ತಕ್ಕಡಿಯಲ್ಲಿಟ್ಟು, ಬಹು ಕಠಿನವಾದ ಮಾತಿನಿಂದ ಇಬ್ಬರನ್ನೂ ನಿಂದಿಸುತ್ತದೆ. ಲೋಕವು ಈ ಉಪದೇಶದ ಪೂರ್ವಾರ್ಧವನ್ನು ನೆನಪಿನಲ್ಲಿಟ್ಟುಕೊಂಡಿತು, ಉತ್ತರಾರ್ಧವನ್ನು ಮರೆಯಿತು. ಹೀಗಾಗಿ ಎಂದಿಗೂ ಹಣ್ಣಾಗದ, ಹೊರಗೆ ಮೊನೆಯನ್ನು ತೋರದ, ಎರಡು ಹಗಲು ಒಂದು ಇರುಳು ಕಳೆಯುವುದರೊಳಗೆ ಗಟ್ಟಿಮುಟ್ಟಾದ ಮನುಷ್ಯನನ್ನು ಮುಗಿಸಿಬಿಡಬಲ್ಲ ಒಂದು ಬಗೆಯ ಬಾವು ಇದೆಯೆಂಬುದೇ ನಮ್ಮಲ್ಲಿ ಅನೇಕರಿಗೆ ತಿಳಿಯದು. ನನಗೂ ತಿಳಿದಿರಲಿಲ್ಲ, ನನ್ನ ತಂಗಿಯ ಮಗನ ತೊಡೆಗೆ ಅದು ಬರುವವರೆಗೆ.

ಆತನು ಮೂವತ್ತೈದರ ಆಸುಪಾಸಿನ ಕೃಷಿಕ. ಆಷಾಢದ ಮಳೆಯಲ್ಲಿ ತೋಟದ ಉಜಿರುಕಣಿ ದಾಟುವಾಗ ಜಾರಿ, ತೊಡೆ ಕಲ್ಲಿಗೆ ತಾಗಿತು. ಗಾಯವಾಗಲಿಲ್ಲ, ಚರ್ಮ ತರಚಲೂ ಇಲ್ಲ. ಮರುದಿನ ನೋವು ಹೆಚ್ಚಿತು, ಸಂಜೆಗೆ ಚಳಿಜ್ವರ ಬಂತು. ಊರಿನಲ್ಲಿ ಉಳುಕು ನೀವುವವರಿಂದ ಎಣ್ಣೆ ಹಚ್ಚಿಸಿ ನೀವಿಸಿದ್ದಾಯಿತು. ಅದರ ಮಾರನೆಯ ದಿನ ಪೇಟೆಯ ಒಂದು ಚಿಕಿತ್ಸಾಲಯದಲ್ಲಿ, ಅದರ ಹೆಸರು ಇಲ್ಲಿ ಅನಾವಶ್ಯಕ, ತೊಡೆಯನ್ನು ಪಂಚೆಯ ಮೇಲಿನಿಂದಲೇ ಒಮ್ಮೆ ಒತ್ತಿ ನೋಡಿ, "ಒಳಗೆ ಮಾಂಸ ಜಜ್ಜಿದೆ, ಎರಡು ದಿನದಲ್ಲಿ ಹೋಗುತ್ತದೆ" ಎಂದು ಹೇಳಿ ನೋವಿನ ಸೂಜಿಮದ್ದು ಕೊಟ್ಟು ಕಳುಹಿಸಿದರು. ನಾಲ್ಕು ಗಂಟೆಗಳ ಕಾಲ ನೋವು ತಗ್ಗಿತು, ಎಲ್ಲರೂ ನಿಟ್ಟುಸಿರುಬಿಟ್ಟೆವು. ರಾತ್ರಿ ನಾನು ನೋಡಲು ಹೋದಾಗ ಆತನು ಕಂಬಳಿ ಹೊದ್ದು ಕುಳಿತು, ಹಲ್ಲು ಕಚ್ಚಿಕೊಂಡು, "ಮಾವ, ಆಗಿಂದ ಸಾಯುವಷ್ಟು ನೋಯುತ್ತಿತ್ತು. ಈಗ ಇಲ್ಲಿ ಮುಟ್ಟಿದರೆ ಗೊತ್ತೇ ಆಗುವುದಿಲ್ಲ. ಈ ಕಾಲು ನನ್ನದಲ್ಲವೇನೋ ಅನ್ನಿಸುತ್ತದೆ" ಎಂದನು. ಮುಟ್ಟಿದರೆ ತಿಳಿಯದಿರುವುದನ್ನು ಗುಣವಾಗುತ್ತಿರುವುದರ ಲಕ್ಷಣವೆಂದು ತಿಳಿದ ಮೂಢರಲ್ಲಿ ನಾನೂ ಒಬ್ಬನು.

ಆದರೂ ಆ ರಾತ್ರಿಯೇ ಅವನನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿ ಅವನನ್ನು ಉಳಿಸಿದವರು ಒಬ್ಬ ವಯಸ್ಸಾದ ದಾದಿ. ತೊಡೆಯ ಮೇಲೆ ಅಂಗೈಯಗಲ ಮಾತ್ರ ಕೆಂಪಡರಿತ್ತು, ಆಕೆ ತನ್ನ ಜೇಬಿನ ಬಾಲ್‌ಪೆನ್ನು ತೆಗೆದು ಆ ಕೆಂಪಿನ ಅಂಚಿನ ಗುಂಟ ಒಂದು ಗೆರೆಯನ್ನೆಳೆದು, ಪಕ್ಕದಲ್ಲಿ "8.40" ಎಂದು ಗಂಟೆಯನ್ನು ಬರೆದರು. ಒಂಬತ್ತೂವರೆಗೆ ಬಂದು ನೋಡುವಷ್ಟರಲ್ಲಿ ಕೆಂಪು ಆ ಗೆರೆಯನ್ನು ಎರಡು ಬೆರಳಗಲ ದಾಟಿತ್ತು. ಗೆರೆಯೊಳಗಿನ ಚರ್ಮ ನೇರಳೆಗೆ ತಿರುಗಿ, ಒಂದೆಡೆ ಕಪ್ಪುನೀರಿನ ಬೊಕ್ಕೆಯೆದ್ದಿತ್ತು. ಆಕೆ ಕರ್ತವ್ಯದಲ್ಲಿದ್ದ ತರುಣ ವೈದ್ಯರನ್ನು ಎಬ್ಬಿಸಿ ತಂದು ಆ ಗೆರೆಯನ್ನು ತೋರಿಸಿದರು. ಹೇಳಬೇಕಾದುದನ್ನೆಲ್ಲ ಗೆರೆಯೇ ಹೇಳಿತು. ಗ್ಲೂಕೋಸಿನ ಜೊತೆಗೆ ಮೊದಲ ಮದ್ದನ್ನು ಅಲ್ಲಿಯೇ ಏರಿಸಿ, 108ರ ವಾಹನದಲ್ಲಿ ನಗರಕ್ಕೆ ಕಳುಹಿಸಿದರು. ನಡುರಾತ್ರಿ ಕಳೆದು ಎರಡು ಗಂಟೆಗೆ ಶಸ್ತ್ರವೈದ್ಯರು ತೊಡೆಯನ್ನು ಸೀಳಿದಾಗ ಒಳಗಿದ್ದುದು ಕೀವಲ್ಲ. ಪಾತ್ರೆ ತೊಳೆದ ನೀರಿನಂತಿದ್ದ ಬೂದುಬಣ್ಣದ ದ್ರವ. ಜೀವವಿರುವ ಮಾಂಸಖಂಡವನ್ನು ಶಸ್ತ್ರದಿಂದ ಸೋಕಿದರೆ ಅದು ಅದುರುತ್ತದೆ, ಕೊಯ್ದರೆ ರಕ್ತ ಸುರಿಯುತ್ತದೆ. ಅಲ್ಲಿಯ ಮಾಂಸ ಅದುರಲೂ ಇಲ್ಲ, ರಕ್ತ ಸುರಿಸಲೂ ಇಲ್ಲ. ಒಟ್ಟು ನಾಲ್ಕು ಸಲ ಕೊಯ್ದು, ಸತ್ತುದನ್ನೆಲ್ಲ ತೆಗೆದು, ತಿಂಗಳ ಮೇಲೆ ಚರ್ಮ ಕಸಿ ಮಾಡಿ ಅವನನ್ನು ಮನೆಗೆ ಕಳುಹಿಸಿದರು. ಈಗ ಸ್ವಲ್ಪ ಕುಂಟುತ್ತಾನೆ, ತೋಟಕ್ಕೆ ಹೋಗುತ್ತಾನೆ.

ಈ ರೋಗ ಹೊಸತಲ್ಲ. ವಿಸರ್ಪವೆಂಬ ಚರ್ಮದ ಸೋಂಕಿನ ನಂತರ ಮಾಂಸ, ಸ್ನಾಯು, ಮೂಳೆಗಳು ಕಳಚಿ ಬೀಳತಕ್ಕ ಒಂದು ವ್ಯಾಧಿಯನ್ನು ಗ್ರೀಸಿನ ಹಿಪೊಕ್ರಟೀಸನ ಹೆಸರಿನ ಗ್ರಂಥಗಳು ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲೇ ವರ್ಣಿಸಿವೆ. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಪಡೆಯ ಶಸ್ತ್ರವೈದ್ಯನಾಗಿದ್ದ ಜೋಸೆಫ್ ಜೋನ್ಸ್ ಇಂತಹ 2,642 ರೋಗಿಗಳ ಲೆಕ್ಕವಿಟ್ಟು, ನೂರಕ್ಕೆ 46 ಮಂದಿ ಸತ್ತರೆಂದು 1871ರಲ್ಲಿ ಬರೆದನು. ಇದಕ್ಕೆ ಇಂದು ಬಳಕೆಯಲ್ಲಿರುವ ನೆಕ್ರೊಟೈಸಿಂಗ್ ಫ್ಯಾಸಿಯೈಟಿಸ್ ಎಂಬ ಹೆಸರನ್ನು 1952ರಲ್ಲಿ ವಿಲ್ಸನ್ ಎಂಬ ಶಸ್ತ್ರವೈದ್ಯನು ಇಟ್ಟನು. ಮಾಂಸಖಂಡವನ್ನು ಸುತ್ತಿರುವ ಪೊರೆಯ ಗುಂಟ ಹರಡುವುದಕ್ಕೆ ಆ ಹೆಸರು. ಮಾಂಸಖಂಡವೇ ಕರಗಿಹೋಗುವುದು ಇನ್ನೂ ಅಪೂರ್ವವಾದ, ಇನ್ನೂ ಕ್ರೂರವಾದ ರೂಪ. ಹೆಸರುಗಳು ಹಲವಾದರೂ ಗಂಟಲುನೋವನ್ನು ತರುವ ಸಾಮಾನ್ಯ ಸ್ಟ್ರೆಪ್ಟೊಕಾಕಸ್ ಜೀವಿಯೇ ಇವುಗಳಲ್ಲಿ ಬಹಳಷ್ಟಕ್ಕೆ ಕಾರಣವೆಂಬುದು ಆಶ್ಚರ್ಯಕರ. ಈ ಜೀವಿಯಿಂದ ಆಳದ ಸೋಂಕು ತಗುಲಿದವರಲ್ಲಿ ಸುಮಾರು ಅರ್ಧದಷ್ಟು ಜನರ ಮೈಮೇಲೆ ಅದು ಒಳಹೊಕ್ಕ ಗಾಯವೇ ಕಾಣಸಿಗುವುದಿಲ್ಲ. ಜಜ್ಜಿದ ಅಥವಾ ಉಳುಕಿದ ಮಾಂಸವನ್ನು ಅದು ರಕ್ತದ ಮೂಲಕ ಬಂದು ಸೇರಿಕೊಳ್ಳುತ್ತದೆ. ಗಾಯವಿಲ್ಲದಿದ್ದುದರಿಂದ ಸೋಂಕಿಲ್ಲವೆಂದು ನಾವು ಮಾಡಿಕೊಂಡ ತರ್ಕವು ಈ ಕಾರಣದಿಂದ ಬುಡದಲ್ಲೇ ತಪ್ಪಾಗಿತ್ತು.

ಚರ್ಮಕ್ಕೂ ಮಾಂಸಕ್ಕೂ ನಡುವಣ ಆಳದಲ್ಲಿ ಜೀವಿಗಳು ಬೆಳೆಯುತ್ತಾ ವಿಷವನ್ನು ಸುರಿಸುತ್ತವೆ. ಆ ವಿಷದಿಂದ ಸಣ್ಣ ಸಣ್ಣ ರಕ್ತನಾಳಗಳು ಹೆಪ್ಪುಗಟ್ಟಿ ಮುಚ್ಚಿಹೋಗುತ್ತವೆ. ರಕ್ತವಿಲ್ಲದ ಮಾಂಸವು ಸಾಯುತ್ತದೆ. ಇದೆಲ್ಲ ನೆಲದಡಿಯ ಬೆಂಕಿಯಂತೆ ಕೆಳಗೆ ನಡೆಯುತ್ತಿರುವಾಗ ಮೇಲಿನ ಚರ್ಮ ಮೊದಮೊದಲು ನಿರ್ದೋಷವಾಗಿಯೇ ಕಾಣುತ್ತದೆ. ನೋವೊಂದೇ ಹೊರಗೆ ಬರುವ ಸುದ್ದಿ. ಕಣ್ಣಿಗೆ ಕಾಣುವುದಕ್ಕೂ ರೋಗಿ ಹೇಳುವುದಕ್ಕೂ ಹೊಂದಿಕೆಯಿಲ್ಲದಷ್ಟು ನೋವು ಈ ರೋಗದ ಮೊದಲ ಮತ್ತು ಮುಖ್ಯ ಲಕ್ಷಣವೆಂದು ವೈದ್ಯವಿದ್ಯಾರ್ಥಿಗಳಿಗೆ ಬೋಧಿಸುತ್ತಾರೆ. ಕೆಂಪು ಇರುವ ಎಲ್ಲೆಯನ್ನು ಮೀರಿ ಗಟ್ಟಿಯಾಗಿ ಹಬ್ಬಿದ ಊತ, ಜ್ವರದೊಡನೆ ಓಡುವ ನಾಡಿ, ಇಳಿದುಹೋಗುವ ರಕ್ತದೊತ್ತಡ, ಮಂಕಾಗುವ ಪ್ರಜ್ಞೆ, ಇವು ಹಿಂದಿನಿಂದ ಬರುವುವು. ಕೊನೆಗೆ ಚರ್ಮದ ನರಗಳು ಸತ್ತು ಸ್ಪರ್ಶಜ್ಞಾನ ಅಡಗುತ್ತದೆ. ನನ್ನ ಸೋದರಳಿಯನು ಕಾಲು ತನ್ನದಲ್ಲವೆಂದುದು ಈ ಕೊನೆಯ ಹಂತದ ಮಾತು; ಬೊಕ್ಕೆಯೂ ಕಪ್ಪೂ ಎದ್ದಮೇಲೆ ರೋಗವನ್ನು ಗುರುತಿಸಲು ಪಾಂಡಿತ್ಯ ಬೇಡ, ಆಗ ಗುರುತಿಸುವುದರಿಂದ ಉಳಿಯುವ ಮಾಂಸವೂ ಹೆಚ್ಚಿರುವುದಿಲ್ಲ.

ಪ್ರತಿಜೈವಿಕ ಔಷಧಗಳ ಈ ಯುಗದಲ್ಲಿ ಸೂಜಿಯೊಂದರಿಂದ ಇದು ಏಕೆ ವಾಸಿಯಾಗದು ಎಂದು ಕೇಳಬಹುದು. ವಿಲ್ಸನ್ ಹೆಸರಿಟ್ಟ 1952ನೆಯ ಇಸವಿಯಲ್ಲಿಯೇ ಹ್ಯಾರಿ ಈಗಲ್ ಎಂಬ ಅಮೆರಿಕದ ವಿಜ್ಞಾನಿಯು ಇಲಿಗಳ ಮಾಂಸಖಂಡಕ್ಕೆ ಸ್ಟ್ರೆಪ್ಟೊಕಾಕಸ್ ಸೋಂಕನ್ನು ತಗುಲಿಸಿ, ಪೆನಿಸಿಲಿನ್ನನ್ನು ಒಡನೆ ಕೊಟ್ಟರೆ ಫಲಕಾರಿಯಾಗುವುದೆಂದೂ, ತಡಮಾಡಿದರೆ ಅದೇ ಮದ್ದು ಸೋಲುವುದೆಂದೂ ತೋರಿಸಿದನು. ಪೆನಿಸಿಲಿನ್ ಹೊಡೆಯುವುದು ಹೊಸದಾಗಿ ಗೋಡೆ ಕಟ್ಟುತ್ತಿರುವ, ಎಂದರೆ ಒಡೆದು ಇಮ್ಮಡಿಯಾಗುತ್ತಿರುವ ಜೀವಿಯನ್ನು. ಜೀವಿಗಳು ಕಿಕ್ಕಿರಿದು ವೃದ್ಧಿಯನ್ನು ನಿಲ್ಲಿಸಿ ಕುಳಿತಮೇಲೆ ಹೊಡೆಯಲು ಅದಕ್ಕೆ ಗುರಿಯೇ ಸಿಗದು. ಮೂವತ್ತಾರು ವರ್ಷಗಳಾದಮೇಲೆ, 1988ರಲ್ಲಿ, ಡೆನ್ನಿಸ್ ಸ್ಟೀವನ್ಸ್ ಮತ್ತು ಅವರ ಸಂಗಡಿಗರು ಅದೇ ಪ್ರಯೋಗವನ್ನು ಮತ್ತೆ ಮಾಡಿ, ಎರಡು ಗಂಟೆ ತಡವಾದರೂ ಪೆನಿಸಿಲಿನ್ ವಿಫಲವಾಗುವುದನ್ನೂ, ಹದಿನಾರು ಗಂಟೆ ಕಳೆದಮೇಲೆ ಕೊಟ್ಟ ಕ್ಲಿಂಡಮೈಸಿನ್ನಿಂದಲೂ ಬಹಳಷ್ಟು ಇಲಿಗಳು ಬದುಕುವುದನ್ನೂ ಕಂಡರು. ಕ್ಲಿಂಡಮೈಸಿನ್ ಗೋಡೆಗೆ ಕೈಹಾಕುವುದಿಲ್ಲ. ಜೀವಿಯು ಪ್ರೋಟೀನು ತಯಾರಿಸುವ ಯಂತ್ರವನ್ನೇ ತಡೆಯುತ್ತದೆ, ಅದರಿಂದ ವಿಷದ ಉತ್ಪತ್ತಿಯೂ ನಿಲ್ಲುತ್ತದೆ. ಸ್ಟ್ರೆಪ್ಟೊಕಾಕಸ್ ಎಂಬುದು ಖಚಿತವಾದಾಗ ಇವೆರಡನ್ನೂ ಜೊತೆಯಾಗಿ ಕೊಡುವ ಪದ್ಧತಿಗೆ ಇದು ಮುಖ್ಯವಾದ ಆಧಾರ. ಖಚಿತವಾಗುವವರೆಗೆ ಇನ್ನೂ ವಿಶಾಲವಾಗಿ ಕೆಲಸಮಾಡುವ ಔಷಧಗಳನ್ನು ಕೂಡಿಸಿ ಕೊಡುತ್ತಾರೆ.

ಆದರೂ ರಕ್ತವೇ ಹರಿಯದ ಜಾಗಕ್ಕೆ ರಕ್ತದ ಮೂಲಕ ಹೋಗಬೇಕಾದ ಔಷಧ ತಲುಪುವುದು ಹೇಗೆ? ಅಲ್ಲಿಗೆ ಶಸ್ತ್ರವೊಂದೇ ಹೋಗಬಲ್ಲುದು. ಪೀಕಿಂಗ್ ನಗರದಲ್ಲಿ ಕೆಲಸಮಾಡಿದ ಫ್ರಾಂಕ್ ಮೆಲೆನಿ ಎಂಬ ಶಸ್ತ್ರವೈದ್ಯನು, ಪೆನಿಸಿಲಿನ್ ಇನ್ನೂ ಯಾರ ಕನಸಿನಲ್ಲಿಯೂ ಇಲ್ಲದಿದ್ದಾಗ, ಇಂತಹ ಇಪ್ಪತ್ತು ರೋಗಿಗಳ ವೃತ್ತಾಂತವನ್ನು 1924ರಲ್ಲಿ ಪ್ರಕಟಿಸಿದನು. ಆತನು ಮಾಡಿದುದು ಇಷ್ಟೆ: ಕಾಯದೆ, ಉದ್ದಕ್ಕೂ ಧಾರಾಳವಾಗಿ ಸೀಳಿ, ಗಾಯವನ್ನು ತೆರೆದೇ ಬಿಟ್ಟು ತೊಳೆದನು. ಸತ್ತವರು ನೂರಕ್ಕೆ ಇಪ್ಪತ್ತು. ಪ್ರತಿಜೈವಿಕ ಭಂಡಾರವೇ ನಮ್ಮ ಕೈಯಲ್ಲಿರುವ ಇಂದಿಗೂ ಈ ರೋಗದಲ್ಲಿ ಸಾಯುವವರು ನೂರಕ್ಕೆ ಇಪ್ಪತ್ತರಿಂದ ಮೂವತ್ತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಮುಪ್ಪು, ಸಕ್ಕರೆ ಕಾಯಿಲೆ ಮುಂತಾದುವುಗಳಿಂದ ಇಂದಿನ ರೋಗಿಗಳು ಹೆಚ್ಚು ದುರ್ಬಲರೆಂಬುದನ್ನು ಒಪ್ಪಿಕೊಂಡರೂ, ನೂರು ವರ್ಷಗಳ ಔಷಧವಿಜ್ಞಾನವು ಗಳಿಸಿಕೊಟ್ಟುದರಲ್ಲಿ ಒಂದು ಭಾಗವನ್ನು ನಮ್ಮ ವಿಳಂಬವು ಕಳೆಯುತ್ತಿಲ್ಲವೆ ಎಂಬ ಸಂದೇಹ ಉಳಿಯುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯು ಆಸ್ಪತ್ರೆಗೆ ಬಂದ ಆರು ಗಂಟೆಯೊಳಗೆ ಶಸ್ತ್ರಕ್ರಿಯೆಯಾದವರಲ್ಲಿ ನೂರಕ್ಕೆ ಸುಮಾರು 19 ಮಂದಿಯೂ, ಅದು ಮೀರಿದವರಲ್ಲಿ ಸುಮಾರು 32 ಮಂದಿಯೂ ಸತ್ತುದನ್ನು ತೋರಿಸಿದೆ. ಮೆಲೆನಿಗೆ ಇದ್ದ ಭಾಗ್ಯವಾದರೋ, ಕಾಯಲು ಅವನಿಗೆ ಏನೂ ಇರಲಿಲ್ಲ ಎಂಬುದು. ನಮಗೆ ರಕ್ತಪರೀಕ್ಷೆಯ ವರದಿ ಬರಬೇಕು, ಸ್ಕ್ಯಾನಿನ ಸರದಿ ಬರಬೇಕು, ಇವೆಲ್ಲ ಕೈಸೇರುವವರೆಗೆ ರೋಗಿ ಒಂದು ನೋವಿನ ಸೂಜಿಯ ಮೇಲೆ ಮಲಗಿರಬೇಕು.

ಎಲ್ಲ ಸ್ನಾಯುಸೋಂಕುಗಳೂ ಒಂದೇ ವೇಗದವಲ್ಲವೆಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಜಪಾನಿನಲ್ಲಿ ಅಧ್ಯಾಪಕನಾಗಿದ್ದ ಜರ್ಮನಿಯ ಯೂಲಿಯಸ್ ಸ್ಕ್ರೀಬಾ 1885ರಲ್ಲಿ ವರ್ಣಿಸಿದ, ನಮ್ಮಂತಹ ಉಷ್ಣದೇಶಗಳಲ್ಲಿ ಹೆಚ್ಚಾಗಿ ಕಾಣುವ ಪಯೋಮಯೋಸೈಟಿಸ್ ಎಂಬುದು ನಿಧಾನದ ರೋಗ. ಸ್ಟೆಫಿಲೊಕಾಕಸ್ ಜೀವಿಯು ತೊಡೆಯಲ್ಲೋ ಪೃಷ್ಠದಲ್ಲೋ ಸೊಂಟದೊಳಗಣ ಮಾಂಸದಲ್ಲೋ ನೆಲೆಸಿ, ಮೊದಲ ವಾರ ಹತ್ತು ದಿನ ಮರದ ಕೊರಡಿನಂತೆ ಗಟ್ಟಿಯಾದ ಊತವನ್ನು ಮಾತ್ರ ತೋರಿ, ಆನಂತರ ಕೀವುಗಟ್ಟುತ್ತದೆ. ಅಲ್ಟ್ರಾಸೌಂಡಿನಲ್ಲಿ ಅದನ್ನು ಕಂಡು ಸೂಜಿಯಿಂದಲೋ ಶಸ್ತ್ರದಿಂದಲೋ ಕೀವನ್ನು ತೆಗೆದು ಮದ್ದು ಕೊಟ್ಟರೆ ಬಹುಮಂದಿ ಪೂರ್ಣವಾಗಿ ಗುಣಹೊಂದುತ್ತಾರೆ. ಸುಶ್ರುತನ ಮೂರು ಅವಸ್ಥೆಗಳಿಗೆ ಇದು ಒಪ್ಪುವ ದೃಷ್ಟಾಂತ. ನಮ್ಮ ಕರಾವಳಿಗೆ ಮತ್ತೊಂದು ಎಚ್ಚರಿಕೆ ಬೇಕು. ವಿಟ್‌ಮೋರ್ ಮತ್ತು ಕೃಷ್ಣಸ್ವಾಮಿ ಎಂಬಿಬ್ಬರು ರಂಗೂನಿನಲ್ಲಿ 1911ರ ಸುಮಾರಿಗೆ ಮೊದಲು ಗುರುತಿಸಿದ ಮೆಲಿಯಾಯ್ಡೋಸಿಸ್ ಎಂಬ ರೋಗದ ಜೀವಿಯು ಗದ್ದೆಯ ಕೆಸರಿನಲ್ಲಿ ವಾಸಿಸತಕ್ಕದ್ದು. ಮಳೆಗಾಲದಲ್ಲಿ, ಅದರಲ್ಲಿಯೂ ಸಕ್ಕರೆ ಕಾಯಿಲೆಯವರನ್ನು, ಹಿಡಿಯುತ್ತದೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನವರು ಉಡುಪಿ ಸೀಮೆಯ ಇಂತಹ ರೋಗಿಗಳನ್ನು ಕುರಿತು ವರ್ಷಗಳಿಂದ ಬರೆಯುತ್ತಿದ್ದಾರೆ. ಶ್ವಾಸಕೋಶ, ಯಕೃತ್ತು, ಗುಲ್ಮಗಳಂತೆ ಮಾಂಸಖಂಡದಲ್ಲಿಯೂ ಅದು ಕೀವು ಕಟ್ಟಬಲ್ಲುದು. ಕ್ಷಯವೆಂದು ತಪ್ಪಾಗಿ ತಿಳಿದು ತಿಂಗಳುಗಟ್ಟಲೆ ಬೇರೆ ಮದ್ದು ನುಂಗಿಸುವುದೂ ಉಂಟು. ಪೆನಿಸಿಲಿನ್ನಿಗೂ ಜೆಂಟಮೈಸಿನ್ನಿಗೂ ಅದು ಬಗ್ಗದು. ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಎಂಬ ಔಷಧವನ್ನು ಕಡಮೆಯೆಂದರೆ ಹತ್ತು ಹದಿನಾಲ್ಕು ದಿನ ರಕ್ತನಾಳದ ಮೂಲಕ ಕೊಟ್ಟು, ಬಳಿಕ ಮೂರು ತಿಂಗಳು ಗುಳಿಗೆ ನುಂಗಿಸಬೇಕು. ಕೀವನ್ನು ಬಕೆಟ್ಟಿಗೆ ಚೆಲ್ಲದೆ ಒಂದಿಷ್ಟನ್ನು ಪ್ರಯೋಗಶಾಲೆಗೆ ಕಳುಹಿಸುವ ಅಭ್ಯಾಸವಿಲ್ಲದಿದ್ದರೆ ಇದು ತಿಳಿಯುವ ದಾರಿಯೇ ಇಲ್ಲ.

ಇಷ್ಟು ವಿಸ್ತಾರವಾಗಿ ಬರೆದುದರ ಉದ್ದೇಶ ಜನರನ್ನು ಬೆದರಿಸುವುದಲ್ಲ. ಬೆದರಿಸುವ ಕೆಲಸವನ್ನು ಪತ್ರಿಕೆಗಳು ಹಿಂದೆ ಬೇಕಾದಷ್ಟು ಮಾಡಿವೆ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಪ್ರಾಂತದಲ್ಲಿ 1994ರಲ್ಲಿ ಕೆಲವರಿಗೆ ಈ ರೋಗ ಬಂದಾಗ "ಮಾಂಸ ತಿನ್ನುವ ಕ್ರಿಮಿ" ಎಂದು ಅಲ್ಲಿಯ ಪತ್ರಿಕೆಗಳು ಮುಖಪುಟದಲ್ಲಿ ಅಚ್ಚುಹಾಕಿದ ಮಾತು ಇಂದಿಗೂ ಊರೂರು ಸುತ್ತುತ್ತಿದೆ. ಮೈಗೆ ಜುಮ್ಮೆನಿಸುವ ಆ ಹೆಸರು ಓದುಗನಿಗೆ ರೋಗವು ಹೊರಗಿನಿಂದ ಬರುವ ಯಾವುದೋ ರಾಕ್ಷಸನೆಂಬ ಭಾವನೆಯನ್ನು ಕೊಟ್ಟು, ತನ್ನ ಉಳುಕಿದ ತೊಡೆಗೂ ಅದಕ್ಕೂ ಸಂಬಂಧವಿದ್ದೀತೆಂಬ ಯೋಚನೆಯನ್ನು ತಪ್ಪಿಸಿತು. ಉಳುಕಿದವರೆಲ್ಲ ಶಸ್ತ್ರವೈದ್ಯನ ಬಾಗಿಲಿಗೆ ಓಡಬೇಕೆಂದರೆ ಆಸ್ಪತ್ರೆಗಳಲ್ಲಿ ನಿಲ್ಲಲು ಜಾಗವಿರುವುದಿಲ್ಲವೆಂದು ವೈದ್ಯರು ಆಕ್ಷೇಪಿಸಬಹುದು, ಆಕ್ಷೇಪವು ನ್ಯಾಯವಾದುದೇ. ಆದರೆ ಉಳುಕಿನ ನೋವು ಅಲುಗಾಡದೆ ಕುಳಿತರೆ ತಗ್ಗುತ್ತದೆ, ದಿನದಿಂದ ದಿನಕ್ಕೆ ಇಳಿಯುತ್ತದೆ, ಜ್ವರವನ್ನು ತರುವುದಿಲ್ಲ. ಅಲುಗಾಡದಿದ್ದಾಗಲೂ ಗಂಟೆಗಂಟೆಗೆ ಏರುವ ನೋವು, ಜೊತೆಗೆ ಚಳಿಜ್ವರ, ಜೊತೆಗೆ ಆ ಮನುಷ್ಯನ ಮುಖದಲ್ಲಿ ಕಾಣುವ ಬಳಲಿಕೆ, ಇವು ಒಂದೆಡೆ ಸೇರಿದರೆ ಅದು ಉಳುಕೆಂದು ನಂಬುವ ಹಕ್ಕು ಯಾರಿಗೂ ಇಲ್ಲ. ಸಕ್ಕರೆ ಕಾಯಿಲೆಯವರು, ಹೆರಿಗೆಯಾದ ಬಾಣಂತಿಯರು, ಸೀತಾಳೆ ಸಿಡುಬೆದ್ದ ಮಕ್ಕಳು ಇವರ ವಿಷಯದಲ್ಲಿ ಸಂಶಯವನ್ನು ಇನ್ನೂ ಬೇಗ ಪಡಬೇಕು.

ನಮ್ಮ ನಾಡಿನ ಚಿಕಿತ್ಸಾಲಯಗಳಲ್ಲಿ ನೋವಿನ ಸೂಜಿಗೆ ಇರುವ ಪ್ರತಿಷ್ಠೆಯನ್ನು ಸ್ವಲ್ಪ ಪರೀಕ್ಷಿಸಬೇಕಾದ ಕಾಲ ಬಂದಿದೆಯೆಂದು ನನಗೆ ತೋರುತ್ತದೆ. ಸೂಜಿ ಹಾಕದ ವೈದ್ಯನ ಬಳಿಗೆ ಜನ ಹೋಗುವುದಿಲ್ಲ. ಜನ ಕೇಳುವುದರಿಂದ ವೈದ್ಯರು ಹಾಕುತ್ತಾರೆ. ಕೆಲವೆಡೆ ಅದರ ಜೊತೆಗೆ ಸ್ಟೀರಾಯ್ಡನ್ನೂ ಬೆರೆಸುತ್ತಾರೆ. ನೋವನ್ನು ತಗ್ಗಿಸುವುದು ಧರ್ಮವೇ, ನಾನು ಅದನ್ನು ಬೇಡವೆನ್ನುವವನಲ್ಲ. ಆದರೆ ಜ್ವರವನ್ನೂ ನೋವನ್ನೂ ಒಟ್ಟಿಗೆ ಅಡಗಿಸಿಬಿಡುವ ಮದ್ದನ್ನು ಕೊಟ್ಟವನು, "ರಾತ್ರಿ ಮತ್ತೆ ನೋವೆದ್ದರೆ ಬೆಳಗಾಗುವವರೆಗೆ ಕಾಯಬೇಡಿ, ಬನ್ನಿ" ಎಂಬ ಒಂದು ವಾಕ್ಯವನ್ನು ಆ ಚೀಟಿಯ ಮೇಲೆ ಬರೆಯದಿದ್ದರೆ, ಮನೆಯಲ್ಲಿ ಕೂಗುತ್ತಿದ್ದ ಕಾವಲುನಾಯಿಯ ಬಾಯಿ ಕಟ್ಟಿ ಹೋದಂತೆ ಆಗುತ್ತದೆ. ಪಂಚೆಯ ಮೇಲಿನಿಂದ, ಸೀರೆಯ ಮೇಲಿನಿಂದ ಮುಟ್ಟಿ ನೋಡುವ ದಾಕ್ಷಿಣ್ಯವೂ ಹೋಗಬೇಕು. ಬಟ್ಟೆ ಸರಿಸದೆ ಕಂಡ ರೋಗವು ಕಾಣದ ರೋಗವೇ.

ಸರ್ಕಾರದಿಂದ ನಾನು ಕೇಳುವುದು ದೊಡ್ಡ ಯಂತ್ರಗಳನ್ನಲ್ಲ. ಈ ರೋಗವನ್ನು ಗುರುತಿಸಲು ಆರು ರಕ್ತಪರೀಕ್ಷೆಗಳಿಂದ ಅಂಕ ಹಾಕುವ ಒಂದು ವಿಧಾನವು ಸಿಂಗಪುರದಿಂದ 2004ರಲ್ಲಿ ಬಂದಿದೆ. ಅಂಕ ಕಡಮೆಯಿದ್ದವರಲ್ಲಿಯೂ ರೋಗವಿದ್ದುದನ್ನು ಆಮೇಲಿನವರು ಕಂಡಿದ್ದಾರೆ. ಎಂ.ಆರ್.ಐ. ಚಿತ್ರವು ಒಳ್ಳೆಯದು, ಆದರೆ ಅದಕ್ಕಾಗಿ ಅರ್ಧ ದಿನ ಕಾಯುವುದು ಒಳ್ಳೆಯದಲ್ಲ. ಸಂಶಯ ಬಲವಾಗಿದ್ದಾಗ ಸ್ವಲ್ಪ ಸೀಳಿ ಬೆರಳಿಟ್ಟು ನೋಡುವುದೇ ನಿರ್ಣಾಯಕ: ಅಂಟಿಕೊಂಡಿರಬೇಕಾದ ಪೊರೆ ಬೆರಳಿಗೆ ತಾನಾಗಿ ಬಿಟ್ಟುಕೊಟ್ಟರೆ ಸಂದೇಹ ಉಳಿಯದು. ಆದುದರಿಂದ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿಯೂ ಕರೆದರೆ ಬರುವ ಶಸ್ತ್ರವೈದ್ಯರೊಬ್ಬರು, ಅರಿವಳಿಕೆ ಕೊಡುವವರೊಬ್ಬರು, ಉಗ್ರಾಣದಲ್ಲಿ ಕ್ಲಿಂಡಮೈಸಿನ್, ಇವಿರಬೇಕು. ಇವು ಇಲ್ಲದೆಡೆಯಿಂದ ರೋಗಿಯನ್ನು ಮುಂದಕ್ಕೆ ಕಳುಹಿಸುವಾಗ ಮೊದಲ ಮದ್ದನ್ನು ಏರಿಸಿ, ಅಲ್ಲಿಯ ಶಸ್ತ್ರವೈದ್ಯರಿಗೆ ದೂರವಾಣಿಯಲ್ಲಿ ತಿಳಿಸಿಯೇ ಕಳುಹಿಸತಕ್ಕದ್ದೆಂಬ ನಿಯಮವಿರಬೇಕು. ಅಪರೂಪದ ರೋಗಕ್ಕಾಗಿ ಇಷ್ಟು ವೆಚ್ಚವೇ ಎಂದರೆ, ಬಾಣಂತಿಯ ನಂಜಿಗೂ, ಒಡೆದ ಅಪೆಂಡಿಕ್ಸಿಗೂ, ರಸ್ತೆಯಲ್ಲಿ ಬಿದ್ದು ಮಣ್ಣು ಹೊಕ್ಕ ಗಾಯಕ್ಕೂ ಬೇಕಾದವರು ಅವರೇ. ಅಪರೂಪದ ರೋಗವು ಸಾಮಾನ್ಯವಾದ ನಮ್ಮ ಕೊರತೆಗಳನ್ನು ತೋರಿಸಿಕೊಡುತ್ತದೆ, ಅಷ್ಟೆ.

ಆ ದಾದಿಯನ್ನು ಮರುವರ್ಷ ನಾನು ಕಾಣಲು ಹೋಗಿದ್ದೆ. ಗೆರೆ ಎಳೆಯುವುದನ್ನು ಯಾರು ಕಲಿಸಿದರೆಂದು ಕೇಳಿದುದಕ್ಕೆ, ಯಾರೂ ಕಲಿಸಲಿಲ್ಲವೆಂದೂ, ಬಹಳ ಹಿಂದೆ ಒಬ್ಬ ರೋಗಿಯ ಕಾಲಿನ ಕೆಂಪು ಹೆಚ್ಚಿದೆಯೋ ಇಲ್ಲವೋ ಎಂದು ಇಬ್ಬರು ವೈದ್ಯರು ಬೆಳಗಿನವರೆಗೂ ಚರ್ಚಿಸುತ್ತಿದ್ದಾಗ ಆ ರೋಗಿ ಹೋಗಿಬಿಟ್ಟನೆಂದೂ ಆಕೆ ಹೇಳಿದರು. ಅಂದಿನಿಂದ ಆಕೆ ಪೆನ್ನು ಜೇಬಿನಲ್ಲಿಲ್ಲದೆ ವಾರ್ಡಿಗೆ ಕಾಲಿಡುವುದಿಲ್ಲವಂತೆ. ಮಾತಾಡುತ್ತಿರುವಂತೆಯೇ ಎದುರಿನ ಮಂಚದಲ್ಲಿದ್ದ ಮುದುಕಿಯೊಬ್ಬಳು ನರಳಿದಳು. ದಾದಿ ನನ್ನನ್ನು ಅಲ್ಲಿಯೇ ಬಿಟ್ಟು ಎದ್ದುಹೋಗಿ, ಮುದುಕಿಯ ಕಾಲಮೇಲಿನ ಹೊದಿಕೆಯನ್ನು ಸರಿಸಿ ನೋಡತೊಡಗಿದರು.